ಹುಳುಮನೆಯ ಹದಿನಾಲ್ಕು ಪೆಟ್ಟು

ಹಳೇ ಕಂಪ್ಯೂಟರಿನಿಂದ ಹಾಡು ಕಟ್ಟುವವರ ಬಗ್ಗೆ ಯಾರಾದರೂ ಕಣ್ಣರಳಿಸಿ ಮಾತಾಡಿದರೆ ನನಗೆ ನೆನಪಾಗುವುದು ನನ್ನ ಗೆಳೆಯನ ಬೆನ್ನು. ಬಾಗಿದ ಬೆನ್ನು. ಅದು ನಡುಗುತ್ತಿತ್ತು. ನೋಡುತ್ತಿದ್ದವರು ಅದನ್ನು ಭಕ್ತಿ ಎಂದುಕೊಂಡಿದ್ದರು. ಅದು ಕರೆಂಟು ಎಂದು ಮೊದಲು ತಿಳಿದವನು ನಾನು. ತಿಳಿದೂ ಏನೂ ಮಾಡದೆ ನಿಂತವನೂ ನಾನೇ.

ಅವನು ಬದುಕಿದ್ದಾನೆ. ಮೊದಲೇ ಹೇಳಿಬಿಡುತ್ತೇನೆ. ಸತ್ತನೋ ಉಳಿದನೋ ಎಂದು ಕೊನೆಯವರೆಗೂ ತೂಗುಹಾಕುವವರನ್ನು ಕಂಡರೆ ನನಗಾಗುವುದಿಲ್ಲ. ಬಲಗೈಯ ಎರಡು ಬೆರಳಿನ ತುದಿಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ, ಅಷ್ಟೆ. ಕೀಬೋರ್ಡ್ ನುಡಿಸುವವನಿಗೆ ಈ 'ಅಷ್ಟೆ' ಎಷ್ಟು ದೊಡ್ಡದು ಎಂದು ಆಸ್ಪತ್ರೆಯಲ್ಲಿ ಡಾಕ್ಟರಿಗೆ ಬಿಡಿಸಿ ಹೇಳಬೇಕಾಯಿತು.

ನಾವಿಬ್ಬರೂ ಹೊಸಕೋಟೆಯ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಬಿ.ಎಸ್ಸಿ. ಮುಗಿಸಿದವರು. ನಾನು ಮುಂದೆ ಓದಿ ದೇವನಹಳ್ಳಿಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಅವನು ಸೂಲಿಬೆಲೆ ಹತ್ತಿರದ ತನ್ನ ಊರಿನಲ್ಲೇ ಉಳಿದು ಹಾಲಿನ ಡೇರಿಯ ಸೆಕ್ರೆಟರಿಯಾದ. ಬೆಳಿಗ್ಗೆ ಸಂಜೆ ಹಾಲು ಅಳೆಯುವುದು, ನಡುವೆ ಸಂಗೀತ. ಒಂದು ಕಾಲದಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದ. ಆ ಪಾರ್ಟಿಯವರು ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಹಾಕಿಕೊಂಡು ವೇದಿಕೆ ಮೇಲೆ ಬರೀ ಕೈಯಾಡಿಸಲು ಶುರುಮಾಡಿದ ಮೇಲೆ ಮುನಿಸಿಕೊಂಡು ಬಿಟ್ಟುಬಂದ. ಬಿಟ್ಟುಬಂದವನು ಸುಮ್ಮನಿರಬಹುದಿತ್ತು. ನಾವು ಹುಟ್ಟುವ ಹೊತ್ತಿಗೇ ಮುದಿಯಾಗಿದ್ದ ಕಂಪ್ಯೂಟರುಗಳನ್ನು ಗುಜರಿಯಿಂದ ಹೆಕ್ಕಿ ತಂದ.

ಅವು ಮನೆ ಬಳಕೆಗೆಂದು ಮಾಡಿದ್ದ ಮೊದಮೊದಲ ಕಂಪ್ಯೂಟರುಗಳು. ಕೀಲಿಮಣೆಯ ಹೊಟ್ಟೆಯೊಳಗೇ ಇಡೀ ಯಂತ್ರ. ಮಾನಿಟರ್ ಇಲ್ಲ, ಡಬ್ಬಾ ಟಿವಿಗೆ ಸಿಕ್ಕಿಸಬೇಕು. ಡಿಸ್ಕ್ ಇಲ್ಲ, ಪ್ರೋಗ್ರಾಮು ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ. ಮೂರು ತಂದಿದ್ದ, ಒಂದು ನಡೆಯುತ್ತಿತ್ತು, ಉಳಿದೆರಡು ಅದಕ್ಕೆ ಅಂಗಾಂಗ ದಾನ ಮಾಡುತ್ತಿದ್ದವು. ಆ ಒಂದರಿಂದ ಅವನು ತೆಗೆಯುತ್ತಿದ್ದದ್ದು ಸೀಕ್ವೆನ್ಸರಿನ ಕೆಲಸ. ಸೀಕ್ವೆನ್ಸರ್ ತಾನಾಗಿ ಹಾಡುವುದಿಲ್ಲ. ಯಾವ ಸ್ವರ ತಾಳದ ಎಷ್ಟನೇ ಪೆಟ್ಟಿಗೆ ನುಡಿಯಬೇಕು ಎಂದು ಪಕ್ಕದ ಕೀಬೋರ್ಡಿಗೆ ಅಪ್ಪಣೆ ಕೊಡುತ್ತಾ ಹೋಗುತ್ತದೆ. ನೀವು ಎದ್ದು ಊಟಕ್ಕೆ ಹೋದರೂ ಕೊಡುತ್ತಲೇ ಇರುತ್ತದೆ. ಈ ಗುಣ ಆಗ ನನಗೆ ತಮಾಷೆಯಾಗಿ ಕಂಡಿತ್ತು.

ನಾಲ್ಕು ಸಾಲು ಸ್ವರ ತುಂಬಲು ಒಂದು ಇಡೀ ಮಧ್ಯಾಹ್ನ ಬೇಕು. ಸ್ವರವೆಂದರೆ ಬರೀ ಅಂಕಿಗಳು, ಒಂದೊಂದಾಗಿ ಒತ್ತಬೇಕು. ಉಳಿಸಬೇಕಾದರೆ ಆ ಅಂಕಿಗಳು ನಾಲ್ಕು ನಿಮಿಷ ಕೀರಲು ಸದ್ದಾಗಿ ಕ್ಯಾಸೆಟ್ಟಿಗೆ ಇಳಿಯಬೇಕು. ವಾಪಸು ಓದಿಸಲು ಇನ್ನು ನಾಲ್ಕು ನಿಮಿಷ. ನಡುವೆ ಕರೆಂಟು ಹೋದರೆ ಮೊದಲಿಂದ.

"ಲೇ, ನಿನ್ನ ಜೇಬಲ್ಲಿರೋ ಫೋನು ಇಂಥಾ ಸಾವಿರ ಡಬ್ಬದ ಕೆಲಸ ಮಾಡುತ್ತೆ ಕಣೋ," ಎಂದೆ ಒಮ್ಮೆ.

"ಮಾಡುತ್ತೆ. ಅದಕ್ಕೇ ಅದರಲ್ಲಿ ನಾನು ಏನೂ ಮಾಡಿಲ್ಲ."

"ಇದರಲ್ಲಿ ಏನು ಕಡಿದು ಗುಡ್ಡೆ ಹಾಕಿದೀಯ?"

"ಹದಿನಾರು ಪೆಟ್ಟು ಕೂರ್ಸಿದೀನಿ ಗುರು. ಒಂದೂ ಅಲ್ಲಾಡಲ್ಲ. ನಿನ್ನ ಮದುವೆ ಆರ್ಕೆಸ್ಟ್ರಾ ತಬಲಾದವನು ಎರಡನೇ ಹಾಡಿಗೇ ತಾಳ ಬಿಟ್ಟು ಓಡೋಗಿದ್ದ, ನೆನಪಿದೆಯಾ?"

ಅವನ ಅಕ್ಕ ಅದೇ ಬೀದಿಯಲ್ಲಿ, ಎರಡು ಮನೆ ಆಚೆ ಇದ್ದಾರೆ. ಊರಲ್ಲೇ ಮದುವೆಯಾದವರು. ನನಗೂ ಅಕ್ಕನೇ. ಅವರಿಗೆ ಈ ಯಂತ್ರದ ಮೇಲೆ ನನಗಿಂತ ಹಳೆಯ ಸಿಟ್ಟು. "ಖಾಲಿ ಕ್ಯಾಸೆಟ್ ಸಿಗ್ಲಿಲ್ಲ ಅಂತ ನನ್ನ ಮದುವೆ ಓಲಗ ಅಳಿಸಿ ಅದರೊಳಗೆ ಕೀರ್ಲು ತುಂಬಿಟ್ಟವ್ನೆ ಕಣಪ್ಪಾ," ಎಂದು ನನ್ನ ಹತ್ತಿರ ದೂರುತ್ತಿದ್ದರು. "ಯಾವತ್ತಾದ್ರೂ ನೆಂಟರು ಬಂದು ಹಾಕಿ ಕೇಳಿದ್ರೆ ನನ್ನ ಮದುವೇಲಿ ಹೆಗ್ಗಣ ಓಡಾಡ್ತಿದ್ವು ಅಂದ್ಕೋತಾರೆ."

ಇದೆಲ್ಲ ನಡೆಯುತ್ತಿದ್ದದ್ದು ಹುಳುಮನೆಯಲ್ಲಿ. ಅವರಪ್ಪನ ಕಾಲದಲ್ಲಿ ರೇಷ್ಮೆ ಹುಳು ಸಾಕಲು ತೋಟದಲ್ಲಿ ಕಟ್ಟಿದ್ದ ಉದ್ದನೆಯ ಕೋಣೆ. ಅಪ್ಪ ಹೋದ ಮೇಲೆ ಹುಳು ಸಾಕುವುದು ನಿಂತು, ಹಿಪ್ಪುನೇರಳೆ ಇದ್ದ ಜಾಗಕ್ಕೆ ಹಸುಗಳಿಗೆ ಸೀಮೆಹುಲ್ಲು ಬಂತು. ಕೋಣೆ ಖಾಲಿಯಾಯಿತು. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ಮಾತ್ರ ಉಳಿದಿದ್ದವು. ಆಳೆತ್ತರದ ಬಿದಿರು ಚಾಪೆ, ಅದರ ಮೇಲೆ ಸುರುಳಿಸುರುಳಿಯಾಗಿ ಕೂರಿಸಿದ ಬಿದಿರಿನ ಪಟ್ಟಿ. ಗೆಳೆಯ ಅವನ್ನು ನಾಲ್ಕೂ ಗೋಡೆಗೆ ಆನಿಸಿಟ್ಟ. ಸದ್ದು ಗೋಡೆಗೆ ಬಡಿದು ಮರುದನಿಸದಂತೆ ಹೀರಿಕೊಳ್ಳುತ್ತದಂತೆ. ಅದೊಂದು ಮಾತು ನಿಜವಾಗಿತ್ತು.

ಇನ್ನೊಂದು ಪದ್ಧತಿ ಹುಳುಗಳ ಜೊತೆ ಹೋಗದೆ ಉಳಿದುಕೊಂಡಿತ್ತು. ಹುಳುಮನೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ. ಅದರಲ್ಲಿ ಕಾಲು ಅದ್ದಿಯೇ ಒಳಗೆ ಕಾಲಿಡಬೇಕು. ಹೊರಗಿನ ರೋಗ ಹುಳುವಿಗೆ ತಗಲಬಾರದು ಎಂದು. ಹುಳು ಹೋಗಿ ಎಷ್ಟೋ ವರ್ಷವಾದರೂ ಅಕ್ಕ ದಿನಾ ಆ ತಟ್ಟೆಗೆ ನೀರು ಹಾಕುತ್ತಿದ್ದರು, ಇವನು ದಿನಾ ಅದರಲ್ಲಿ ಕಾಲು ಅದ್ದುತ್ತಿದ್ದ. ಒದ್ದೆ ಕಾಲಲ್ಲೇ ಹೋಗಿ ಒಂದು ಹಲಸಿನ ಮಣೆಯ ಮೇಲೆ ಚಕ್ಕಳಬಕ್ಕಳ ಹಾಕಿ ಕೂರುತ್ತಿದ್ದ. ಕೂತವನು ಕೀಬೋರ್ಡಿನ ಕಬ್ಬಿಣದ ಮೈಯನ್ನು ಎರಡೂ ಕಡೆಯಿಂದ ಹಿಡಿದು ಹಣೆ ಮುಟ್ಟಿಸಿ ನಮಸ್ಕಾರ ಮಾಡುತ್ತಿದ್ದ. ಆರ್ಕೆಸ್ಟ್ರಾ ಕಾಲದ ಅಭ್ಯಾಸ.

ಇನ್ನು ಕರೆಂಟು. ಹುಳುಮನೆಗೆ ಮೀಟರಿನ ಲೈನು ಇರಲಿಲ್ಲ. ಎರಡು ಹೊಲದಾಚೆ ಬೋರ್‌ವೆಲ್ಲಿನ ಪಂಪ್ ಮನೆಗೆ ಮೂರು ತಂತಿ ಬರುತ್ತವೆ, ಮೂರೂ ಫೇಸು. ನ್ಯೂಟ್ರಲ್ ಇಲ್ಲ. ಮೋಟಾರಿಗೆ ಅದು ಬೇಡ, ಬಲ್ಬಿಗೆ ಬೇಕು. ನಮ್ಮ ಕಡೆಯ ತೋಟಗಳಲ್ಲಿ ಇದಕ್ಕೊಂದು ಉಪಾಯ ಬಹಳ ಕಾಲದಿಂದ ನಡೆದು ಬಂದಿದೆ. ಸ್ಟಾರ್ಟರ್ ಪೆಟ್ಟಿಗೆಯಿಂದ ಒಂದು ಫೇಸು ಎಳೆದುಕೊಳ್ಳುವುದು, ಇನ್ನೊಂದು ತಂತಿಯನ್ನು ನೆಲಕ್ಕೆ ಹೊಡೆದ ಕಬ್ಬಿಣದ ಪೈಪಿಗೆ ಸುತ್ತುವುದು. ಕರೆಂಟು ಬಲ್ಬನ್ನು ಹಾದು, ಪೈಪಿನಲ್ಲಿ ಇಳಿದು, ಭೂಮಿಯೊಳಗಿಂದಲೇ ಟ್ರಾನ್ಸ್‌ಫಾರ್ಮರಿಗೆ ವಾಪಸಾಗುತ್ತದೆ. ಬಲ್ಬು ಮಂಕಾದರೆ ಪೈಪಿನ ಬುಡಕ್ಕೆ ಒಂದು ಬಿಂದಿಗೆ ಉಪ್ಪುನೀರು. ಕಣ್ಣೆದುರೇ ಬೆಳಕು ಏರುತ್ತದೆ. ಇದನ್ನು ಕಂಡುಹಿಡಿದವನು ಯಾರೋ ಗೊತ್ತಿಲ್ಲ, ಕೊಂಡಾಡುವವರು ಊರು ತುಂಬ ಇದ್ದಾರೆ.

ಪೈಪಿನ ಬುಡ ಒಣಗಿದಷ್ಟೂ, ಹಚ್ಚಿದ ದೀಪ ಯಂತ್ರಗಳ ಹೊರೆ ಹೆಚ್ಚಿದಷ್ಟೂ, ಆ ಪೈಪಿನ ಮೇಲೇ ವೋಲ್ಟೇಜ್ ಏರುತ್ತದೆ. ನೆಲದಲ್ಲಿ ಹೂತಿರುವ ಕಬ್ಬಿಣ ತಾನೇ ಎಂದು ಮುಟ್ಟಿದವನಿಗೆ ಅದು ಕಂಬದ ತಂತಿಗಿಂತ ಹೆಚ್ಚು ಕರುಣೆ ತೋರಿಸಬೇಕಾಗಿಲ್ಲ. ಇದನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತೇನೆ. ಅವನಿಗೂ ಹೇಳಿದ್ದೆ. ಒಂದು ಸಲವಲ್ಲ.

"ಮೇಷ್ಟ್ರೇ, ನಿಮ್ಮ ಕ್ಲಾಸಿಗೆ ಅಟೆಂಡೆನ್ಸ್ ಹಾಕ್ಬಿಡಿ, ನಾನು ಹೊರಗೆ ಇರ್ತೀನಿ," ಎನ್ನುತ್ತಿದ್ದ. "ನಮ್ಮಪ್ಪ ಹುಳುವಿಗೆ ಇದೇ ಪೈಪಲ್ಲಿ ಬೆಳಕು ಕೊಟ್ಟವ್ನೆ. ಒಂದು ಹುಳಾನೂ ಸತ್ತಿಲ್ಲ."

ಹುಳು ಸಾಯದಿದ್ದದ್ದೇ ಅವನ ವಾದ. ಇಂಥ ವಾದಕ್ಕೆ ಎಂಎಸ್ಸಿಯಲ್ಲಿ ಉತ್ತರ ಹೇಳಿಕೊಡುವುದಿಲ್ಲ. ಆದರೂ ಅವನು ಅಷ್ಟು ದಿನ ಸುರಕ್ಷಿತವಾಗಿದ್ದದ್ದಕ್ಕೆ ಎರಡು ಕಾರಣ ಇದ್ದವು, ಎರಡೂ ಅವನಿಗೆ ಗೊತ್ತಿಲ್ಲದವು. ಅವನ ಕೀಬೋರ್ಡು, ಮಿಕ್ಸರುಗಳ ಕಬ್ಬಿಣದ ಮೈ ಆ ಪೈಪಿಗೆ ಎಲ್ಲೂ ತಗಲಿರಲಿಲ್ಲ. ಎರಡನೆಯದು, ಹಲಸಿನ ಮಣೆ.

ಯಾವನೋ ಡೇರಿಗೆ ಹಾಲು ಹಾಕುವವನ ಅಳಿಯ ಇವನ ಹಾಡಿನ ತುಣುಕೊಂದನ್ನು ಫೋನಿನಲ್ಲಿ ಹಿಡಿದು ಎಲ್ಲೋ ಹಾಕಿದ. ಅದನ್ನು ನೋಡಿ ಬೆಂಗಳೂರಿನಿಂದ ಇಬ್ಬರು ಬಂದರು. ಒಬ್ಬ ಟೋಪಿಯವನು, ಅವನದು ಕ್ಯಾಮೆರಾ. ಇನ್ನೊಬ್ಬ ಕಿವಿಗೆ ದೊಡ್ಡ ಹೆಡ್‌ಫೋನ್ ಸಿಕ್ಕಿಸಿಕೊಂಡವನು, ಅವನದು ಸೌಂಡು. ಹಳೇ ಯಂತ್ರಗಳಲ್ಲಿ ಸಂಗೀತ ಮಾಡುವವರ ಬಗ್ಗೆ ವಿಡಿಯೋ ಮಾಡುತ್ತಿದ್ದರಂತೆ. ಚೆನ್ನಾಗಿ ಬಂದರೆ ಬೆಂಗಳೂರಿನ ಒಂದು ಸಭೆಯಲ್ಲಿ ಇವನಿಗೆ ನುಡಿಸಲು ಅವಕಾಶ ಕೊಡಿಸುವುದಾಗಿ ಹೇಳಿದ್ದರು. ಮದುವೆ ಮನೆಯಲ್ಲಿ ಅನ್ನ ಸಾರಿನ ನಡುವೆ ನುಡಿಸಿದವನಿಗೆ, ಜನ ಬಾಯಿ ಮುಚ್ಚಿಕೊಂಡು ಕೂತು ಕೇಳುವ ಜಾಗ. ಆ ಭಾನುವಾರ ಅವನು ಬಿಳಿ ಅಂಗಿ ಹಾಕಿಕೊಂಡು ರಸ್ತೆ ತಿರುವಿನಲ್ಲೇ ಕಾದು ನಿಂತಿದ್ದ. ನನ್ನನ್ನೂ ಕರೆಸಿದ್ದ.

"ಇವತ್ತೊಂದಿನ ಪಾಠ ಮಾಡ್ಬೇಡ ಕಣೋ," ಎಂದ. "ನೀನು ಪೈಪು ಗೀಪು ಅಂತ ಶುರುಮಾಡಿದ್ರೆ ಅವರು ಹೆದರ್ಕೊಂಡು ಹೋಗ್ಬಿಡ್ತಾರೆ. ನಿನ್ನ ಕಾಲು ಹಿಡೀತೀನಿ."

ನಾನು ಆಯಿತು ಎಂದೆ. ಈ ಒಂದು ಮಾತನ್ನು ನಾನು ಇವತ್ತಿಗೂ ಬಾಯಲ್ಲಿ ಹೊರಳಿಸುತ್ತಿದ್ದೇನೆ. ಎಷ್ಟು ಸುಲಭವಾಗಿ ಹೊರಬಿತ್ತು ಅದು.

ಬಂದವರು ಶೂ ಹಾಕಿಕೊಂಡೇ ಹುಳುಮನೆಗೆ ನುಗ್ಗಿದರು. ಅಕ್ಕ ಬಾಗಿಲಲ್ಲಿ ತಡೆದು, "ಏನಪ್ಪಾ, ಇದು ಹುಳುಮನೆ, ಕಾಲು ತೊಳ್ಕೊಂಡು ಹೋಗಿ," ಎಂದರು. ಟೋಪಿಯವನು, "ಎರಡೇ ನಿಮಿಷ ಆಂಟಿ," ಎಂದು ಅವರನ್ನು ಬಳಸಿಕೊಂಡು ಒಳಗೆ ಹೋದ. ಅವರ ಶೂಗಳ ಅಡಿಗೆ ಬೆರಳು ದಪ್ಪದ ರಬ್ಬರ್ ಇತ್ತು. ಆ ದಿನ ಆ ಕೋಣೆಯಲ್ಲಿ ಪದ್ಧತಿ ಮುರಿದವರಿಬ್ಬರೂ ಕ್ಷೇಮ. ಪಾಲಿಸಿದವರು ಮೂವರೂ ಒದ್ದೆ ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ.

ಚಂದ್ರಿಕೆಗಳನ್ನು ನೋಡಿ ಟೋಪಿಯವನು ಕುಣಿದಾಡಿದ. "ಇದು ಚಿನ್ನ ಗುರು! ಇದು ಯಾರ ಹತ್ರಾನೂ ಇಲ್ಲ!" ಎಂದ. ಪ್ಲಾಸ್ಟಿಕ್ ಕುರ್ಚಿ ಹೊರಗೆ ಹಾಕಿಸಿದ. ಸ್ಟೆಬಿಲೈಸರಿನ ಮೇಲೆ ಗೋಣಿಚೀಲ ಹೊದಿಸಿದ. ಕೊನೆಗೆ ಮಣೆಯ ಕಡೆ ನೋಡಿ, "ಇದು ಬೇಡ, ನೆಲದ ಮೇಲೇ ಮಂಡಿಯೂರಿ ಕೂತ್ಕೊಳ್ಳಿ, ಇನ್ನೂ ರಾ ಆಗಿ ಕಾಣುತ್ತೆ," ಎಂದ. ಗೆಳೆಯ ಮಣೆಯನ್ನು ತಾನೇ ಎತ್ತಿ ಹೊರಗಿಟ್ಟು ಬಂದ.

ಸೌಂಡಿನವನಿಗೆ ಮೇಲೆ ಹಾದುಹೋಗುವ ವಿಮಾನಗಳದ್ದೇ ಗೋಳು. "ಈ ಊರಲ್ಲಿ ಐದು ನಿಮಿಷ ಸೈಲೆನ್ಸ್ ಇರಲ್ವಾ?" ಎಂದು ಗೊಣಗಿದ.

"ಅವು ನಮ್ಮವಲ್ಲ ಕಣಪ್ಪಾ, ನಿಮ್ಮೂರಿಗೆ ಬರೋ ಜನದ್ದು," ಎಂದರು ಅಕ್ಕ.

ವಿಮಾನ ಹೋದ ಮೇಲೆ ಇನ್ನೊಂದು ಸದ್ದು ಅವನ ಕಿವಿಗೆ ಬಿತ್ತು. ಸ್ಪೀಕರಿನ ಒಳಗಿಂದ ಗುಂಯ್ ಎಂಬ ಗುನುಗು, ಇವನ ಸಂಗೀತದ ಹಿಂದೆ ಯಾವಾಗಲೂ ಇದ್ದದ್ದು. ಅದನ್ನಿಟ್ಟುಕೊಂಡು ರೆಕಾರ್ಡ್ ಮಾಡಲು ಆಗುವುದಿಲ್ಲ ಎಂದ. ಎಲ್ಲ ಪೆಟ್ಟಿಗೆಗಳ ಮೈಯನ್ನೂ ಒಂದೇ ಕಡೆ ಅರ್ತ್ ಮಾಡಿದರೆ ಹೋಗುತ್ತದೆ ಎಂದು ತನ್ನ ಚೀಲದಿಂದ ತಂತಿ ತೆಗೆದ. ಕಿಟಕಿಯಿಂದ ಹೊರಗೆ ಇಣುಕಿದ. ಗೋಡೆಯ ಬುಡದಲ್ಲಿ ನೆಲದಲ್ಲಿ ಹೂತ ಪೈಪು ಕಂಡಿತು, ಅದಕ್ಕೆ ಆಗಲೇ ಒಂದು ತಂತಿ ಸುತ್ತಿತ್ತು. ಅವನಿಗೆ ಅಷ್ಟು ಸಾಕಾಯಿತು. ಅವನು ಕಲಿತ ಕಡೆ ಅಂಥ ಪೈಪು ಅಪಾಯವನ್ನು ನೆಲಕ್ಕಿಳಿಸುವುದಕ್ಕೆ ಇರುತ್ತದೆ. ನಮ್ಮ ತೋಟದಲ್ಲಿ ಅದರೊಳಗೆ ಇಡೀ ಕೋಣೆಯ ಕರೆಂಟು ಓಡಾಡುತ್ತಿತ್ತು. ಕೀಬೋರ್ಡು, ಮಿಕ್ಸರು, ಆಂಪ್ಲಿಫೈಯರು ಮೂರರ ಮೈಗೂ ತಂತಿ ಬಿಗಿದು ಮೂರನ್ನೂ ಆ ಪೈಪಿಗೆ ಕಟ್ಟಿದ.

ನಾನು ಬಾಯಿ ತೆರೆದೆ. ಗೆಳೆಯ ನನ್ನ ಕಡೆ ನೋಡಿದ. ಕಣ್ಣಲ್ಲೇ ಬೇಡ ಎಂದ. ನಾನು ಬಾಯಿ ಮುಚ್ಚಿದೆ.

ಗುನುಗು ಅರ್ಧಕ್ಕರ್ಧ ಇಳಿಯಿತು. "ನೋಡಿದ್ಯಾ?" ಎಂದು ಸೌಂಡಿನವನು ನನ್ನ ಕಡೆ ತಿರುಗಿ ನಕ್ಕ. ನಾನೂ ನಕ್ಕೆ ಎಂದು ನೆನಪು. ಒಂದು ವಾರದ ಹಿಂದಷ್ಟೇ ಇದೇ ವಿಷಯದ ಮೇಲೆ ಮಕ್ಕಳಿಗೆ ಐದು ಅಂಕದ ಪ್ರಶ್ನೆ ಕೊಟ್ಟು, ಬರೆಯದವರನ್ನು ನಿಲ್ಲಿಸಿ ಬೈದಿದ್ದೆ.

ಗೆಳೆಯ ಕಂಪ್ಯೂಟರಿನ ಮುಂದೆ ಕೂತು ಕೀಲಿ ಒತ್ತಿದ. ಅದರ ಮೈ ಪ್ಲಾಸ್ಟಿಕ್ಕು. ಏನೂ ಆಗಲಿಲ್ಲ. ಟಿವಿಯ ಮೇಲೆ ಅಂಕಿಗಳ ಸಾಲು ಬಂದು, ಒಂದು ಬಿಳಿ ಚೌಕ ಪೆಟ್ಟಿನಿಂದ ಪೆಟ್ಟಿಗೆ ಹಾರುತ್ತಾ ಹೋಯಿತು. ಹಾಡು ಶುರುವಾಯಿತು. ನಿಮಿಷಕ್ಕೆ ನೂರಿಪ್ಪತ್ತು ಪೆಟ್ಟು, ಮೂಲೆಯಲ್ಲಿ ಬರೆದಿತ್ತು. ಚೆನ್ನಾಗಿಯೇ ಇತ್ತು ಹಾಡು; ತಮಟೆಯ ಹೊಡೆತವನ್ನು ಅಂಕಿಗಳಿಗೆ ಇಳಿಸಿ ಅದರ ಮೇಲೆ ನಾಲ್ಕೇ ಸ್ವರ ಸುತ್ತಿಸಿದ್ದ. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಗುತ್ತದೆ, ಆದರೆ ಚೆನ್ನಾಗಿತ್ತು.

ಆಗ ಟೋಪಿಯವನಿಗೆ ಬಾಗಿಲ ತಟ್ಟೆ ಕಣ್ಣಿಗೆ ಬಿತ್ತು. ತಾನು ದಾಟಿ ಬಂದದ್ದೇ. "ಈ ಕಾಲು ತೊಳೆಯೋದು ಸೂಪರ್! ಯಂತ್ರ ನಡೀತಾ ಇರ್ಲಿ. ನೀವು ಹೊರಗಿಂದ ಬನ್ನಿ, ಕಾಲು ಅದ್ದಿ, ಒಳಗೆ ಬಂದು ಆ ನಮಸ್ಕಾರ ಮಾಡ್ತೀರಲ್ಲ, ಅದು ಮಾಡಿ ನುಡ್ಸೋಕೆ ಶುರುಮಾಡಿ," ಎಂದ. ಗೆಳೆಯ ಎದ್ದು ಹೊರಗೆ ಹೋದ. ಟೋಪಿಯವನು ತಾವು ತಂದಿದ್ದ ಎರಡು ದೊಡ್ಡ ದೀಪ ಹೊತ್ತಿಸಿದ.

ಟಿವಿಯ ಚಿತ್ರ ನಾಲ್ಕೂ ಕಡೆಯಿಂದ ಒಳಕ್ಕೆ ಕುಗ್ಗಿತು. ಡಬ್ಬಾ ಟಿವಿ ಅದು, ವೋಲ್ಟೇಜ್ ಕಡಿಮೆಯಾದರೆ ಚಿತ್ರ ಸಣ್ಣದಾಗುತ್ತದೆ. ಟಿವಿಗೆ ಸಿಗದೆ ಹೋದ ವೋಲ್ಟೇಜ್ ಎಲ್ಲಿ ಹೋಗಿ ನಿಂತಿದೆ ಎಂದು ನನಗೆ ಗೊತ್ತಿತ್ತು. ಗೋಡೆಯಾಚೆ, ಎರಡು ವಾರದಿಂದ ಉಪ್ಪುನೀರು ಕಾಣದ ಪೈಪಿನ ಮೇಲೆ. ಅಲ್ಲಿಂದ ಸೌಂಡಿನವನ ತಂತಿ ಹಿಡಿದು ಕೀಬೋರ್ಡಿನ ಮೈಮೇಲೆ. ನಾನು ಅದನ್ನು ನೋಡಿದೆ. ಲೆಕ್ಕ ಹಾಕಿದೆ. ಕಾಲು ಅದ್ದುವ ನೀರಿನ ಸದ್ದೂ ಕೇಳಿಸಿತು. ಅವನು ಒಳಗೆ ಬಂದ, ಕ್ಯಾಮೆರಾದ ಕಡೆ ನೋಡಬಾರದೆಂದು ಕುತ್ತಿಗೆ ಬಿಗಿಹಿಡಿದು, ಹಾಲು ಅಳೆಯುವಾಗಿನಷ್ಟೇ ಗಂಭೀರವಾಗಿ. ಮಂಡಿಯೂರಿದ. ಎರಡೂ ಕೈಯಿಂದ ಕೀಬೋರ್ಡಿನ ಅಂಚು ಹಿಡಿದು ಬಾಗಿದ.

ಅವನ ಹಣೆ ಕೀಬೋರ್ಡಿಗೆ ತಾಗಲಿಲ್ಲ. ಒಂದು ಗೇಣು ಮೇಲೆ ನಿಂತುಬಿಟ್ಟಿತು.

"ವಾವ್," ಎಂದು ಟೋಪಿಯವನು ಪಿಸುಗುಟ್ಟಿ ಕ್ಯಾಮೆರಾ ಹತ್ತಿರ ಒಯ್ದ.

ಹಾಡು ನಡೆಯುತ್ತಲೇ ಇತ್ತು. ಬಿಳಿ ಚೌಕ ಹಾರುತ್ತಲೇ ಇತ್ತು. ಬೆನ್ನಿನ ಅಂಗಿ ಸಣ್ಣಗೆ ಅದುರತೊಡಗಿತು, ಗಾಳಿ ಇರಲಿಲ್ಲ. ಅವನ ಬೆರಳುಗಳು ಅಂಚನ್ನು ಬಿಗಿಯಾಗಿ ಕಚ್ಚಿಕೊಂಡಿದ್ದವು, ಬಿಡಬೇಕೆಂದರೂ ಬಿಡಲಾಗದ ಹಾಗೆ. ನಾನು, "ಮುಟ್ಟಬೇಡಿ! ಕರೆಂಟು! ಮುಟ್ಟಬೇಡಿ!" ಎಂದು ಕೂಗಿದೆ. ಸರಿಯಾದ ಸೂಚನೆ. ಪುಸ್ತಕದಲ್ಲಿ ಇರುವುದೇ ಅದು. ಮೇನ್ ಸ್ವಿಚ್ಚು ಎರಡು ಹೊಲದಾಚೆ ಇತ್ತು. ಕೂಗಿದ ಮೇಲೆ ಏನು ಮಾಡಬೇಕೆಂಬುದು ನನಗೆ ಗೊತ್ತಿತ್ತು: ಒಣಗಿದ ಕಟ್ಟಿಗೆ, ಬಟ್ಟೆ, ಏನಾದರೂ. ಹಲಸಿನ ಮಣೆ ಬಾಗಿಲಾಚೆ ಮೂರು ಹೆಜ್ಜೆ ದೂರದಲ್ಲಿ ಬಿದ್ದಿತ್ತು. ನನ್ನ ಒದ್ದೆ ಕಾಲು ನೆಲ ಬಿಟ್ಟು ಮೇಲೇಳಲಿಲ್ಲ.

"ಏನ್ ನೋಡ್ತಾ ನಿಂತಿದೀಯೋ, ಓದಿದೋನೆ!"

ಅಕ್ಕ. ಗೋಡೆಗೆ ಆನಿಸಿದ್ದ ಚಂದ್ರಿಕೆಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು, ತಮ್ಮನ ಪಕ್ಕೆಗೆ ಬೀಸಿ ಹೊಡೆದರು. ಒಣ ಬಿದಿರು ಮುರಿದ ಸದ್ದು. ಅವನು ಮಗ್ಗುಲಿಗೆ ಉರುಳಿದ. ದೀಪವೊಂದು ಬಿತ್ತು. ಕೀಬೋರ್ಡು ವಾಲಿತು, ನಿಂತಿತು. ಹಾಡು ತಪ್ಪಲಿಲ್ಲ. ಅದಕ್ಕೆ ಇವನು ಬಿದ್ದದ್ದೂ ಗೊತ್ತಿಲ್ಲ, ಎದ್ದದ್ದೂ ಗೊತ್ತಿಲ್ಲ. ಅಕ್ಕ ಅವನ ಎದೆ ತಿಕ್ಕುತ್ತಾ ಹೆಸರು ಹಿಡಿದು ಕೂಗುತ್ತಿದ್ದಾಗಲೂ ತಮಟೆ ಪೆಟ್ಟು ಬೀಳುತ್ತಲೇ ಇತ್ತು. ಅವನು ಉಸಿರೆಳೆದುಕೊಂಡು ಕೆಮ್ಮಿದ.

ಆಮೇಲಿನದರಲ್ಲಿ ನನಗೆ ಬೈಯಲು ಏನೂ ಇಲ್ಲ. ಟೋಪಿಯವನೇ ತನ್ನ ಕಾರಿನಲ್ಲಿ ಹೊಸಕೋಟೆಯ ಆಸ್ಪತ್ರೆಗೆ ಓಡಿಸಿದ. ಸೌಂಡಿನವನು ಹಿಂದಿನ ಸೀಟಿನಲ್ಲಿ ಗೆಳೆಯನ ಕಾಲು ತೊಡೆಯ ಮೇಲಿಟ್ಟುಕೊಂಡು, "ಸಾರಿ ಬ್ರೋ, ಸಾರಿ ಬ್ರೋ," ಎಂದು ಅಳುತ್ತಿದ್ದ. ಎದೆಯ ಪರೀಕ್ಷೆ ಮಾಡಿ, ಎರಡು ಬೆರಳಿನ ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿ, ಮರುದಿನ ಕಳಿಸಿದರು. ಅಕ್ಕ ನನ್ನ ಹತ್ತಿರ ಮಾತಾಡಲಿಲ್ಲ. ಹೊರಡುವಾಗ ಮಾತ್ರ, "ಮುಂಚೇನೆ ಗೊತ್ತಿತ್ತಾ ನಿಂಗೆ?" ಎಂದು ಕೇಳಿದರು. ಗೊತ್ತಿತ್ತು ಎಂದೆ. ಅವರು ತಲೆಯಾಡಿಸಿ ಹೋದರು. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಬೈಗುಳಕ್ಕೆ ಕಾರಣ ಸಿಕ್ಕಿದ್ದು ಆಮೇಲೆ. ವಿಡಿಯೋ ಬಂತು. ಗೆಳೆಯ ಬಾಗಿಲಲ್ಲಿ ಕಾಲು ಅದ್ದುತ್ತಾನೆ, ನೀರಿನ ಹನಿ ಹೊಳೆಯುತ್ತದೆ, ಒಳಗೆ ಬಂದು ಮಂಡಿಯೂರಿ ಬಾಗುತ್ತಾನೆ. ಆ ಬಾಗಿದ ಬೆನ್ನನ್ನು ನಿಧಾನಗತಿಯಲ್ಲಿ ತೋರಿಸಿದ್ದಾರೆ. ನನ್ನ ಕೂಗಿಲ್ಲ, ಅಕ್ಕನಿಲ್ಲ. ಚಂದ್ರಿಕೆ ಬೀಳುವ ಮುಂಚೆ ಕತ್ತರಿಸಿ, ಆಮೇಲೆ ಖಾಲಿ ಕೀಬೋರ್ಡಿನ ಚಿತ್ರ. ಕೆಳಗೆ ಜನ ಬರೆದಿದ್ದರು: ಎಂಥ ಶ್ರದ್ಧೆ, ಇಂದಿನವರು ನೋಡಿ ಕಲಿಯಬೇಕು, ಕಣ್ಣು ತುಂಬಿ ಬಂತು. ಒಬ್ಬ ಆ ನಡುಕವನ್ನು ಭಾವಾವೇಶ ಎಂದು ಕರೆದಿದ್ದ.

ಇದನ್ನು ನನಗೆ ಕಳಿಸಿದವನು ಗೆಳೆಯನೇ. ತನ್ನ ವಾಟ್ಸಾಪ್ ಸ್ಟೇಟಸ್ಸಿಗೂ ಹಾಕಿಕೊಂಡಿದ್ದ.

"ನಾಚಿಕೆ ಆಗಲ್ವೇನೋ ನಿಂಗೆ? ಅದು ನೀನು ಸಾಯ್ತಾ ಇರೋ ಚಿತ್ರ!"

"ಗೊತ್ತು ಕಣೋ," ಎಂದ ಫೋನಿನಲ್ಲಿ. "ಆದ್ರೆ ಹಾಡು ಪೂರ್ತಿ ಹಾಕವ್ರೆ. ನೋಡಿದ್ಯಾ? ಒಂದೂ ಕತ್ತರಿಸಿಲ್ಲ."

ನಾನು ನೋಡಿದೆ. ಎಷ್ಟು ಸಲ ನೋಡಿದ್ದೇನೆ ಎಂದು ಹೇಳಲು ಮನಸ್ಸಿಲ್ಲ. ಅವರು ನಿಧಾನ ಮಾಡಿರುವುದು ಚಿತ್ರವನ್ನು, ಹಾಡನ್ನಲ್ಲ. ಹಾಗಾಗಿ ಅವನು ಎಷ್ಟು ಹೊತ್ತು ಹಿಡಿದುಕೊಂಡಿದ್ದ ಎಂದು ವಿಡಿಯೋದಿಂದ ತಿಳಿಯುವುದಿಲ್ಲ. ನನಗೆ ಬೇರೆ ದಾರಿಯಿಂದ ಗೊತ್ತು. ಹಣೆ ನಿಂತಾಗ ಬಿಳಿ ಚೌಕ ಎರಡನೇ ಪೆಟ್ಟಿನ ಮೇಲಿತ್ತು, ಚಂದ್ರಿಕೆ ಬಿದ್ದಾಗ ಹದಿನಾರರ ಮೇಲೆ. ಹದಿನಾಲ್ಕು ಪೆಟ್ಟು. ಸೆಕೆಂಡಿಗೆ ಎರಡರಂತೆ ಏಳು ಸೆಕೆಂಡು. ಪಾಠದ ನಡುವೆ, ಬಸ್ಸಿನಲ್ಲಿ, ಹಲ್ಲುಜ್ಜುವಾಗ, ನನ್ನ ಬೆರಳು ಏನನ್ನಾದರೂ ಕುಟ್ಟತೊಡಗುತ್ತದೆ, ಹದಿನಾಲ್ಕಕ್ಕೆ ನಿಲ್ಲುತ್ತದೆ. ಐದನೆಯದಕ್ಕೆ ನಾನು ಮಣೆ ತರಬಹುದಿತ್ತು. ಅದಕ್ಕೂ ಮುಂಚೆ, ತಂತಿ ಕಟ್ಟುವಾಗ, ಒಂದೇ ಒಂದು ಮಾತು ಆಡಬಹುದಿತ್ತು.

ಬೆಂಗಳೂರಿನ ಸಭೆಯಿಂದ ಕರೆ ಬಂತು, ಗೆಳೆಯ ಬೇಡ ಎಂದ. ಎರಡು ಬೆರಳು ಸ್ವರದ ಅಂಚು ಹುಡುಕುತ್ತವೆ, ಸಿಗುವುದಿಲ್ಲ. ಈಗ ಅವನು ಕೈಯಲ್ಲಿ ನುಡಿಸುವುದನ್ನು ಬಿಟ್ಟು ಎಲ್ಲವನ್ನೂ ಯಂತ್ರದಿಂದಲೇ ಹೇಳಿಸುತ್ತಾನೆ. ಆರ್ಕೆಸ್ಟ್ರಾದವರನ್ನು ಬಿಟ್ಟುಬಂದದ್ದು ಇದಕ್ಕೇ ಅಲ್ಲವೇನೋ ಎಂದು ನಾನು ಕೇಳಿಲ್ಲ. ಕೇಳುವ ಯೋಗ್ಯತೆ ನನಗಿಲ್ಲ.

ಹುಳುಮನೆಗೆ ಮೀಟರಿನ ಲೈನು ಬಂತು. ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ ಬಂದು, ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ ನಿಜವಾದ ಅರ್ತಿಂಗ್ ಮಾಡಿದ. ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ಚು ಹಾಕಿದ. ಹಳೇ ಪೈಪನ್ನು ನಾನೇ ಕಿತ್ತೆ. ಇಲ್ಲದ ಬಲವೆಲ್ಲ ಆ ದಿನ ಬಂದಿತ್ತು ನನಗೆ. ಅಕ್ಕ ಮುರಿದ ಚಂದ್ರಿಕೆಯನ್ನು ಒಲೆಗೆ ಹಾಕಿದರು. ಮಣೆ ತನ್ನ ಜಾಗಕ್ಕೆ ಬಂತು.

ಅಂದಿನಿಂದ ಭಾನುವಾರ ಬೆಳಿಗ್ಗೆ ನಾನು ವೋಲ್ಟೇಜ್ ಅಳೆಯುವ ಕೈ ಮೀಟರು ಹಿಡಿದುಕೊಂಡು ಹೋಗುತ್ತೇನೆ. ಅವನು ಮಣೆಯ ಮೇಲೆ ಕೂತು ಕೈ ಕಟ್ಟಿಕೊಂಡಿರಬೇಕು. ನಾನು ಒಂದು ಕಡ್ಡಿಯನ್ನು ಒದ್ದೆ ನೆಲಕ್ಕೆ, ಇನ್ನೊಂದನ್ನು ಒಂದೊಂದೇ ಪೆಟ್ಟಿಗೆಯ ಮೈಗೆ ಮುಟ್ಟಿಸಿ, "ಸೊನ್ನೆ" ಎಂದು ಗಟ್ಟಿಯಾಗಿ ಹೇಳುತ್ತೇನೆ. ಕೀಬೋರ್ಡು, ಸೊನ್ನೆ. ಮಿಕ್ಸರು, ಸೊನ್ನೆ. ಆಂಪ್ಲಿಫೈಯರು, ಸೊನ್ನೆ. ಆಮೇಲೆ ಅವನು ಮುಟ್ಟಬಹುದು. "ಮೇಷ್ಟ್ರ ಮಂಗಳಾರತಿ ಆಯ್ತಾ?" ಎಂದು ಅಕ್ಕ ಹೊರಗಿನಿಂದ ಕೇಳುತ್ತಾರೆ. ಅವರು ನನ್ನ ಜೊತೆ ಮತ್ತೆ ಮಾತಾಡತೊಡಗಿದ್ದು ಹೀಗೆ.

ಹೋದ ಭಾನುವಾರ ನಾನು ತಟ್ಟೆಯಲ್ಲಿ ಕಾಲು ಅದ್ದುತ್ತಿದ್ದಾಗಲೇ ಒಳಗಿಂದ ನನ್ನ ದನಿ ಕೇಳಿಸಿತು. "ಸೊನ್ನೆ. ಸೊನ್ನೆ. ಸೊನ್ನೆ." ಗಡಿಗೆಯೊಳಗೆ ಬಾಯಿಟ್ಟು ಹೇಳಿದಂತೆ, ಒರಟಾಗಿ, ತಾಳಕ್ಕೆ ಸರಿಯಾಗಿ. ಹಿಂದೆಯೇ ತಮಟೆ ಶುರುವಾಯಿತು. ಗೆಳೆಯ ನನ್ನ ದನಿಯನ್ನು ಫೋನಿನಲ್ಲಿ ಹಿಡಿದು, ಕ್ಯಾಸೆಟ್ಟಿನ ದಾರಿಯಿಂದ ಕಂಪ್ಯೂಟರಿಗೆ ಉಣಿಸಿದ್ದ. ಒಂದು ತಿಂಗಳು ಹಿಡಿಯಿತಂತೆ.

"ಹೆಂಗಿದೆ ಗುರು? ಹಾಡಿನ ಮೊದಲಲ್ಲಿ ಇನ್ಮೇಲೆ ಇದೇ. ನಿಂಗೆ ಮರ್ಯಾದೆ!" ಎಂದು ಹಲ್ಲು ಕಿರಿದ.

ಮೀಟರನ್ನು ನಾನಿನ್ನೂ ಚೀಲದಿಂದ ತೆಗೆದಿರಲಿಲ್ಲ. ಯಾವುದನ್ನೂ ಅಳೆದಿರಲಿಲ್ಲ. ಆದರೂ ನನ್ನ ದನಿ ಎಲ್ಲ ಸರಿಯಿದೆ ಎಂದು ಹೇಳಿಯಾಗಿತ್ತು, ಗಟ್ಟಿಯಾಗಿ, ಒಂದು ಪೆಟ್ಟೂ ತಪ್ಪದೆ. ಅವರು ಬಂದ ಆ ಭಾನುವಾರ 'ಆಯಿತು' ಎಂದಂತೆಯೇ.

"ಅಳಿಸು ಅದನ್ನ."

"ಲೇ, ಒಂದು ತಿಂಗಳ ಕೆಲಸ ಕಣೋ."

"ಅಳಿಸು."

ಅವನು ನನ್ನ ಮುಖ ನೋಡಿದ. ಕೈ ಚಾಚಿ ಕಂಪ್ಯೂಟರಿನ ಸ್ವಿಚ್ಚು ಆರಿಸಿದ. ಬಿಳಿ ಚೌಕ ನಡುವಿನ ಪೆಟ್ಟಿನಲ್ಲೇ ಮಾಯವಾಯಿತು. ಕ್ಯಾಸೆಟ್ಟನ್ನು ತೆಗೆದು ನನ್ನ ಕೈಗಿಟ್ಟ. ಅದರ ಮೇಲೆ ಇನ್ನೂ ಅಕ್ಕನ ಮದುವೆ ಎಂದೇ ಬರೆದಿತ್ತು.

ನಾನು ಅದನ್ನು ಜೇಬಿಗೆ ಹಾಕಿಕೊಂಡು, ಮೀಟರು ಹೊರತೆಗೆದು, ಬಗ್ಗಿ, ಅದರ ಕಡ್ಡಿಯನ್ನು ಕೀಬೋರ್ಡಿಗೆ ಮುಟ್ಟಿಸಿದೆ. ಅವನು ಮಣೆಯ ಮೇಲೆ ಕೈ ಕಟ್ಟಿಕೊಂಡು ಕಾದ.